ಮನೆಯಲ್ಲೇ ಓದುವ ಹುಡುಗರು, ಅಡುಗೆ ಮತ್ತು ವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಇಬ್ಬರು ಹುಡುಗರ ಅಪ್ಪ ನಾನು. ನಮ್ಮ ಮನೆ ಮೈಸೂರಿನಲ್ಲಿ. ನಮ್ಮಲ್ಲಿ ವಿಜ್ಞಾನದ ಅರ್ಧ ಪಾಠ ನಡೆಯುವುದು ಒಲೆಯ ಹತ್ತಿರ. ಅದು ಹೇಗೆ, ಏನು ಅಂತ ಬೇರೆ ಅಪ್ಪ ಅಮ್ಮಂದಿರು ಕೇಳುತ್ತಲೇ ಇರುತ್ತಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಇದು 12ರಿಂದ 17 ವರ್ಷದ ಹುಡುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಹೊಸಬರು ಮೊದಲಿನಿಂದ ಓದಿ. ಆಗಲೇ ಶುರು ಮಾಡಿದವರು ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರು ಮಾಡುವ ಮುನ್ನ

ಗಂಡು ಹುಡುಗನಿಗೆ ಅಡುಗೆ ಯಾಕೆ ಅಂತ ನಮ್ಮತ್ತೆ ಕೇಳ್ತಾರೆ. ಏನು ಹೇಳ್ಲಿ?

ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಸಾರು ಕುದಿಸುವವರು ಯಾರು ಅಂತ ಅವರನ್ನೇ ಕೇಳಿ. ಉಡುಪಿ ಹೋಟೆಲುಗಳ ಅಡುಗೆಮನೆ ನಡೆಸಿದವರು ಯಾರು? ರುಚಿಯಾದ ಊಟಕ್ಕೆ ನಾವು ನಳಪಾಕ ಅನ್ನುತ್ತೇವೆ. ಭೀಮ ವಿರಾಟನ ಮನೆಯಲ್ಲಿ ಒಂದು ವರ್ಷ ಸೌಟು ಹಿಡಿದ. ಅತ್ತೆಯವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

ಆದರೆ ವಾದ ಮಾಡುವುದಕ್ಕಿಂತ ಊಟ ಬಡಿಸುವುದು ಒಳ್ಳೆಯದು. ಹುಡುಗ ಒಂದು ಬೆಳಿಗ್ಗೆ ತಾನೇ ಉಪ್ಪಿಟ್ಟು ಮಾಡಿ ಅಜ್ಜಿಯ ತಟ್ಟೆಗೆ ಹಾಕಲಿ. ಆಮೇಲೆ ‘ಅಜ್ಜಿ, ನೀವು ಹೆಪ್ಪು ಹಾಕೋದು ಹೇಗೆ?’ ಅಂತ ಕೇಳಲಿ. ಅಜ್ಜಿಯೇ ಗುರು ಆಗುತ್ತಾರೆ. ನಮ್ಮ ಮನೆಯ ಒಳ್ಳೆಯ ಪ್ರಯೋಗಗಳಲ್ಲಿ ಹೆಚ್ಚಿನವು ನನ್ನ ತಾಯಿಯ ಯಾವುದೋ ಅಭ್ಯಾಸಕ್ಕೆ ‘ಯಾಕೆ?’ ಅಂತ ಕೇಳಿದ್ದರಿಂದ ಹುಟ್ಟಿದವು.

ಹೆಣ್ಣುಮಕ್ಕಳಿಗೂ ಇದೇ ಪಾಠ ನಡೆಯುತ್ತದೆ. ಹುಡುಗರನ್ನು ಅಡುಗೆಮನೆಗೆ ಯಾರೂ ಕರೆಯುವುದಿಲ್ಲ. ಅದಕ್ಕೇ ನಾವು ಕರೆಯಬೇಕು.

ಯಾವ ವಯಸ್ಸಿಗೆ ಯಾವ ಕೆಲಸ ಕೊಡಬಹುದು?

12, 13ಕ್ಕೆ ತೂಕ ಮಾಡುವುದು, ಹಿಟ್ಟು ಕಲಸುವುದು, ತರಕಾರಿ ಹೆಚ್ಚುವುದು, ಹೆಪ್ಪು ಹಾಕುವುದು. ದೊಡ್ಡವರು ಪಕ್ಕದಲ್ಲಿದ್ದರೆ ಒಲೆ ಹಚ್ಚಿ ಅನ್ನವನ್ನೂ ಮಾಡಬಹುದು. 14ರ ಹೊತ್ತಿಗೆ ಕುಕ್ಕರ್, ಒಗ್ಗರಣೆ, ದೋಸೆ. ಕರಿಯುವುದು ಮತ್ತು ಸಕ್ಕರೆ ಪಾಕ 15 ದಾಟಿದ ಮೇಲೆ. ಬಿಸಿ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ವಯಸ್ಸಿಗಿಂತ ಸ್ವಭಾವ ನೋಡಿ. ಒಲೆ ಮೇಲೆ ಪಾತ್ರೆ ಇಟ್ಟು ಮೊಬೈಲ್ ಹಿಡಿಯುವ ಹುಡುಗನಿಗೆ 16 ಆಗಿದ್ದರೂ ಎಣ್ಣೆ ಬಾಣಲೆ ಬೇಡ.

ಏನೇನು ಸಾಮಾನು ತರಬೇಕು? ತುಂಬಾ ಖರ್ಚಾಗುತ್ತಾ?

ಎರಡು ವಸ್ತು ಖಂಡಿತ ಬೇಕು. ಒಂದು ಗ್ರಾಂ ಲೆಕ್ಕದಲ್ಲಿ ತೂಗುವ ಅಡುಗೆಯ ಡಿಜಿಟಲ್ ತಕ್ಕಡಿ. ಇನ್ನೊಂದು, ಕಡ್ಡಿ ಅದ್ದಿ ನೋಡುವ ಅಡುಗೆ ಥರ್ಮಾಮೀಟರ್. ಅದು 200 ಡಿಗ್ರಿ ಸೆಲ್ಸಿಯಸ್ ದಾಟಿ ತೋರಿಸಬೇಕು. ಜ್ವರ ನೋಡುವ ಥರ್ಮಾಮೀಟರ್ ಸುಮಾರು 42ಕ್ಕೇ ನಿಲ್ಲುತ್ತದೆ, ಅದು ಇಲ್ಲಿ ಕೆಲಸಕ್ಕೆ ಬಾರದು. ಉಳಿದಂತೆ ಒಂದೇ ಅಳತೆಯ ಗಾಜಿನ ಲೋಟಗಳು, ಮೆಡಿಕಲ್ ಸ್ಟೋರಿನ ಟಿಂಚರ್ ಅಯೋಡಿನ್, ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಪಿಎಚ್ ಕಾಗದ (ಹುಳಿಯಾ ಕ್ಷಾರವಾ, ಎಷ್ಟು ಅಂತ ಬಣ್ಣದಲ್ಲಿ ತೋರಿಸುವುದು), ಒಂದು ನೋಟ್‌ಬುಕ್. ಮೈಕ್ರೋಸ್ಕೋಪ್ ಆಮೇಲೆ ನೋಡೋಣ. ಬಣ್ಣದ ಡಬ್ಬಿಯಲ್ಲಿ ಬರುವ ‘ಸೈನ್ಸ್ ಕಿಟ್’ಗಳನ್ನು ನಾನು ಕೊಳ್ಳಲು ಹೇಳುವುದಿಲ್ಲ. ಅದರ ದುಡ್ಡಿಗೆ ಒಳ್ಳೆಯ ತಕ್ಕಡಿ ಬರುತ್ತದೆ.

ಗ್ಯಾಸ್, ಕುಕ್ಕರ್, ಬಿಸಿ ಎಣ್ಣೆ… ಭಯ ಆಗುತ್ತೆ. ಮೊದಲು ಏನು ಹೇಳಿಕೊಡ್ಬೇಕು?

ಭಯ ಸರಿಯಾದದ್ದೇ. ಅದಕ್ಕೇ ಮೊದಲ ಪಾಠ ಇದು. ಕಾರಣ ಸಮೇತ ಹೇಳಿದರೆ ಈ ವಯಸ್ಸಿನ ಹುಡುಗರು ಕೇಳುತ್ತಾರೆ. ‘ಮುಟ್ಬೇಡ’ ಅಂದರೆ ಮುಟ್ಟುತ್ತಾರೆ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲ. ನಮಗೆ ಗೊತ್ತಾಗಲಿ ಅಂತ ಎಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗೆ ಹೋಗಿ ಒಮ್ಮೆಲೇ ಆವಿಯಾಗುತ್ತದೆ, ಉರಿಯುವ ಎಣ್ಣೆಯನ್ನು ಮೇಲೆ ಎಸೆಯುತ್ತದೆ. ಒಲೆ ಆರಿಸಿ, ಬಾಣಲೆಗೆ ತಟ್ಟೆ ಮುಚ್ಚಬೇಕು. ಎಣ್ಣೆ ಕಾಯಿಸುವ ಮುಂಚೆಯೇ ಆ ತಟ್ಟೆ ಪಕ್ಕದಲ್ಲಿರಲಿ.

ಕುಕ್ಕರ್ ಒತ್ತಡ ತಾನಾಗೇ ಇಳಿಯುವ ತನಕ ಮುಚ್ಚಳಕ್ಕೆ ಕೈ ಹಾಕಬಾರದು. ಪ್ರತಿ ಸಲ ವೆಯ್ಟ್ ಕೂರುವ ನಳಿಕೆಯ ತೂತಿನಲ್ಲಿ ಬೆಳಕು ಕಾಣುತ್ತಾ ಅಂತ ನೋಡಿಯೇ ಒಲೆಗೆ ಇಡಬೇಕು. ಕೈ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಐಸು ಯಾವುದೂ ಬೇಡ.

ಇನ್ನೊಂದು: ಬಚ್ಚಲಿನ ಸಾಮಾನು ಪ್ರಯೋಗಕ್ಕೆ ಬರಬಾರದು. ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅದು ಶ್ವಾಸಕೋಶವನ್ನು ಸುಡುತ್ತದೆ. ಹಾಗೇ ಅಯೋಡಿನ್, ಪಿಎಚ್ ಕಾಗದ ಮುಟ್ಟಿದ ಲೋಟ ತಿನ್ನುವ ಅಡುಗೆಗೆ ಹಿಂತಿರುಗಬಾರದು. ಆ ಲೋಟಗಳಿಗೆ ಕೆಂಪು ದಾರ ಕಟ್ಟಿ ಬೇರೆ ಕಪಾಟಿನಲ್ಲಿಡಿ.

## ಮೊದಲ ಪ್ರಯೋಗಗಳು

ಸೋಡಾ, ವಿನೆಗರ್ ವಾಲ್ಕೆನೋ ಮಾಡಿ ಮಾಡಿ ಅವನಿಗೆ ಬೇಜಾರಾಗಿದೆ. ಬೇರೆ ಏನಿದೆ?

ಅದನ್ನೇ ಅಳೆದು ಮಾಡಲಿ. ನೊರೆ ಉಕ್ಕುವುದನ್ನು ನೋಡುವುದು ಚಿಕ್ಕ ಮಕ್ಕಳ ಆಟ. ಎಷ್ಟು ಅನಿಲ ಬಂತು ಅಂತ ಕೇಳಿದರೆ ದೊಡ್ಡ ಹುಡುಗನ ಕೆಲಸ ಆಗುತ್ತದೆ. ಬಾಟಲಿಯಲ್ಲಿ ವಿನೆಗರ್, ಬಲೂನಿನೊಳಗೆ ಸರಿಯಾಗಿ ತೂಗಿದ 1 ಗ್ರಾಂ ಅಡುಗೆ ಸೋಡಾ. ಬಲೂನನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಎತ್ತಿದರೆ ಸೋಡಾ ಕೆಳಗೆ ಬೀಳುತ್ತದೆ. ಲೆಕ್ಕದ ಪ್ರಕಾರ 1 ಗ್ರಾಂ ಸೋಡಾದಿಂದ ಸುಮಾರು 290 ಮಿಲಿಲೀಟರ್ ಕಾರ್ಬನ್ ಡೈಆಕ್ಸೈಡ್ ಬರಬೇಕು. ಬಲೂನಿನಲ್ಲಿ ಎಷ್ಟಿದೆ? ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯಲಿ. ಕಡಿಮೆ ಬಂದರೆ ಯಾಕೆ ಕಡಿಮೆ? ಅಲ್ಲಿಂದ ಮೋಲ್ ಲೆಕ್ಕ (ಇಷ್ಟು ತೂಕದಲ್ಲಿ ಎಷ್ಟು ಕಣ ಅನ್ನುವ ರಸಾಯನಶಾಸ್ತ್ರದ ಲೆಕ್ಕ) ತಾನಾಗೇ ಶುರುವಾಗುತ್ತದೆ.

ಆಮೇಲೆ ಅದೇ ರಸಾಯನ ಕ್ರಿಯೆಯನ್ನು ತಿನ್ನಲಿ: ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಾಲದೆ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅಲ್ಲಿ ಹುಳಿ ಮೊಸರಿನದು, ಅನಿಲ ಸೋಡಾದ್ದು. ಒಂದು ತಟ್ಟೆಗೆ ಸೋಡಾ ಬೆರೆಸಿದ ಕೂಡಲೇ ಬೇಯಿಸಿದ ಹಿಟ್ಟು, ಇನ್ನೊಂದಕ್ಕೆ ಅರ್ಧ ಗಂಟೆ ಬಿಟ್ಟು ಬೇಯಿಸಿದ್ದು. ಅನಿಲ ತಪ್ಪಿಸಿಕೊಂಡ ಹಿಟ್ಟು ಯಾವುದು ಅಂತ ನಾಲಿಗೆಯೇ ಹೇಳುತ್ತದೆ.

ಬಣ್ಣ ಬದಲಾಗೋ ಪ್ರಯೋಗಕ್ಕೆ ಕೆಂಪು ಕೋಸು ಬೇಕು ಅಂತಾರೆ. ನಮ್ಮೂರಲ್ಲಿ ಸಿಗಲ್ಲ.

ಬೇಡವೇ ಬೇಡ. ಆರತಿಗೆ ಓಕುಳಿ ನೀರು ಮಾಡುವುದು ನೋಡಿದ್ದೀರಲ್ಲ? ಅರಿಸಿನದ ನೀರಿಗೆ ಸುಣ್ಣ ಬಿದ್ದ ಕೂಡಲೇ ಕೆಂಪು. ಸುಣ್ಣ ಕ್ಷಾರ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಸಿನ ಹುಳಿಗೆ ಬಣ್ಣ ಬದಲಿಸುವುದಿಲ್ಲ. ಹಾಗಾಗಿ ಹುಳಿ ಕಂಡುಹಿಡಿಯಲು ಇನ್ನೊಂದು ಬೇಕು. ಶಂಖಪುಷ್ಪದ ನೀಲಿ ನೀರು ನಿಂಬೆಗೆ ನೇರಳೆ, ಗುಲಾಬಿ ಆಗುತ್ತದೆ. ಸೋಡಾಕ್ಕೆ ಹಸಿರಿನ ಕಡೆ ಹೋಗುತ್ತದೆ. ಕರಾವಳಿ, ಮಲೆನಾಡಿನವರು ಪುನರ್ಪುಳಿಯ ಸಿಪ್ಪೆಯಲ್ಲೂ ನೋಡಬಹುದು. ಹುಣಸೆ, ಮಜ್ಜಿಗೆ, ಸೋಪಿನ ನೀರು, ಬೋರ್‌ವೆಲ್ ನೀರು, ಎಲ್ಲವನ್ನೂ ಪರೀಕ್ಷಿಸಿ ಹುಳಿಯಿಂದ ಕ್ಷಾರದ ಕಡೆಗೆ ಸಾಲಾಗಿ ಜೋಡಿಸಲಿ. ಕೊನೆಗೆ ಪಿಎಚ್ ಕಾಗದದಿಂದ ತನ್ನ ಸಾಲು ಸರಿಯಾ ಅಂತ ನೋಡಿಕೊಳ್ಳಲಿ.

ಹೆಪ್ಪು ಹಾಕೋದ್ರಲ್ಲಿ ಏನು ದೊಡ್ಡ ವಿಜ್ಞಾನ ಇದೆ?

ಒಂದು ವಾರ ಕಲಿಯುವಷ್ಟಿದೆ. ಕಾಯಿಸಿದ ಹಾಲನ್ನು ಒಂದೇ ಅಳತೆಯ ಲೋಟಗಳಿಗೆ ಹಂಚಿ, ಎಲ್ಲಕ್ಕೂ ಒಂದೇ ತೂಕದ ಹೆಪ್ಪು ಹಾಕಿ. ಒಂದು ಹಾಟ್‌ಬಾಕ್ಸಿನಲ್ಲಿ 42 ಡಿಗ್ರಿ ಹತ್ತಿರ, ಒಂದು ಅಡುಗೆಕಟ್ಟೆಯ ಮೇಲೆ, ಒಂದು ಫ್ರಿಜ್ಜಿನಲ್ಲಿ. ಇನ್ನೊಂದಕ್ಕೆ 70 ಡಿಗ್ರಿ ಇರುವಾಗಲೇ ಹೆಪ್ಪು ಬೆರೆಸಿ. ಅದು ಮೊಸರಾಗುವುದಿಲ್ಲ. ಆ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಫ್ರಿಜ್ಜಿನಲ್ಲಿಟ್ಟದ್ದು ಸಾಯುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ. ಹೊರಗೆ ತೆಗೆದಿಟ್ಟು ನೋಡಿದರೆ ಗೊತ್ತಾಗುತ್ತದೆ.

ಮೊಸರು ಹೆಪ್ಪುಗಟ್ಟುವುದು ಪಿಎಚ್ 4.6ರ ಹತ್ತಿರ ಬಂದಾಗ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಗಂಟೆಗೊಂದು ಸಲ ಪಿಎಚ್ ಕಾಗದದಲ್ಲಿ ನೋಡಿ ಬರೆದರೆ ಒಳ್ಳೆಯ ಗ್ರಾಫ್ ಸಿಗುತ್ತದೆ.

ನನಗೆ ಬಹಳ ಇಷ್ಟವಾದ ಹೋಲಿಕೆ ಇನ್ನೊಂದಿದೆ. ಪ್ಯಾಕೆಟ್ ಹಾಲನ್ನು 42 ಡಿಗ್ರಿಗೆ ಮಾತ್ರ ಬಿಸಿ ಮಾಡಿ ಒಂದು, ಚೆನ್ನಾಗಿ ಕುದಿಸಿ 42ಕ್ಕೆ ಇಳಿಸಿ ಒಂದು. ಎರಡಕ್ಕೂ ಹೆಪ್ಪು ಹಾಕಿ. ಕುದಿಸಿದ್ದರ ಮೊಸರು ಗಟ್ಟಿ. ಕಾಯಿಸಿದಾಗ ಹಾಲಿನ ಇನ್ನೊಂದು ಬಗೆಯ ಪ್ರೋಟೀನೂ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸೀನ್ ಜೊತೆ ಸೇರಿ ನೀರನ್ನು ಹಿಡಿದಿಡುತ್ತದೆ. ಹಾಲು ಕಾಯಿಸಿಯೇ ಹೆಪ್ಪು ಹಾಕಬೇಕು ಅಂತ ಮನೆಯಲ್ಲಿ ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣ.

ನಮ್ಮದು ಸಸ್ಯಾಹಾರಿ ಮನೆ. ಪ್ರೋಟೀನ್ ಅಂದ್ರೆ ಎಲ್ಲಾ ಕಡೆ ಮೊಟ್ಟೆ ಪ್ರಯೋಗನೇ ಇರುತ್ತಲ್ಲ?

ಪನೀರ್ ಮಾಡಿ. ಹಾಲು ಕುದಿಸಿದರೆ ಒಡೆಯುವುದಿಲ್ಲ, ನಿಂಬೆರಸ ಸೇರಿದರೆ ಒಡೆಯುತ್ತದೆ. ಹಾಗಾದರೆ ಕೇಸೀನ್ ಹೆದರುವುದು ಬಿಸಿಗಲ್ಲ, ಹುಳಿಗೆ. ಹಸುವಿನ ಹಾಲು, ಎಮ್ಮೆ ಹಾಲು ಒಂದೊಂದು ಲೀಟರಿಗೆ ಎಷ್ಟು ಗ್ರಾಂ ಪನೀರ್ ಬರುತ್ತದೆ ಅಂತ ತೂಗಿ ಹೋಲಿಸಲಿ. ಉಳಿದ ನೀರನ್ನು ಚಪಾತಿ ಹಿಟ್ಟಿಗೆ ಹಾಕಿ.

## ಸ್ವಲ್ಪ ಹಿಡಿತ ಸಿಕ್ಕ ಮೇಲೆ

ಇಡ್ಲಿ ಹಿಟ್ಟು ಒಂದು ದಿನ ಉಬ್ಬುತ್ತೆ, ಒಂದು ದಿನ ಇಲ್ಲ. ಇದನ್ನೇ ಪ್ರಾಜೆಕ್ಟ್ ಮಾಡಬಹುದಾ?

ಒಂದೇ ಒಂದು ಪ್ರಾಜೆಕ್ಟ್ ಮಾಡಲು ಟೈಮ್ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಎಲ್ಲರ ಮನೆಯಲ್ಲೂ ನಡೆಯುತ್ತದೆ, ಖರ್ಚಿಲ್ಲ, ವಿಷಯ ಆಳವಾಗಿದೆ.

ಮೊದಲು ಒಳಗೆ ಏನಾಗುತ್ತದೆ ನೋಡಿ. ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಅದು ಹೆಚ್ಚಾಗಿ ಉದ್ದಿನಬೇಳೆಯ ಜೊತೆಗೇ ಬರುತ್ತದೆ, ನಾವು ಹೊರಗಿನಿಂದ ಏನೂ ಹಾಕುವುದಿಲ್ಲ. ಅದು ಹುಳಿಯನ್ನೂ ಅನಿಲವನ್ನೂ ಮಾಡುತ್ತದೆ. ಅನಿಲ ಬಂದರೆ ಸಾಲದು, ಅದು ಹಿಟ್ಟಿನೊಳಗೇ ನಿಲ್ಲಬೇಕು. ನಿಲ್ಲಿಸುವುದು ಉದ್ದಿನ ಲೋಳೆ ಮತ್ತು ಪ್ರೋಟೀನ್. ಬರೀ ಅಕ್ಕಿ ಹಿಟ್ಟು ಹುಳಿಯಾದರೂ ಉಬ್ಬದೇ ಇರುವುದು ಅದಕ್ಕೇ.

ಈಗ ಪ್ರಯೋಗ. ನೇರ ಗೋಡೆಯ ಗಾಜಿನ ಲೋಟಗಳಲ್ಲಿ ಒಂದೇ ಎತ್ತರಕ್ಕೆ ಹಿಟ್ಟು ಹಾಕಿ, ಆ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ. ಗಂಟೆಗೊಮ್ಮೆ ಸ್ಕೇಲ್ ಹಿಡಿದು ಎತ್ತರ ಬರೆಯಬೇಕು. ಹುಡುಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಈ ವಾರ ಉದ್ದು, ಅಕ್ಕಿಯ ಪ್ರಮಾಣ: 1ಕ್ಕೆ 2, 1ಕ್ಕೆ 3, 1ಕ್ಕೆ 4. ಮುಂದಿನ ವಾರ ಪ್ರಮಾಣ ಒಂದೇ ಇಟ್ಟು ಜಾಗ ಬದಲಿಸಲಿ: ಕಟ್ಟೆ, ಬೆಚ್ಚನೆಯ ನೀರಿನ ಪಾತ್ರೆ, ಫ್ರಿಜ್ಜು. ಅದರ ಮುಂದಿನ ವಾರ ಉಪ್ಪು: ರುಬ್ಬಿದ ಕೂಡಲೇ ಹಾಕಿದ್ದು, ಬೆಳಿಗ್ಗೆ ಹಾಕಿದ್ದು, ದುಪ್ಪಟ್ಟು ಹಾಕಿದ್ದು. ಆಮೇಲೆ ಗ್ರೈಂಡರ್, ಮಿಕ್ಸಿ. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟಿಗೆ ಥರ್ಮಾಮೀಟರ್ ಅದ್ದಿ ನೋಡಿ, ಎಷ್ಟು ಬಿಸಿಯಾಗಿರುತ್ತದೆ ಅಂತ ಆಶ್ಚರ್ಯ ಆಗುತ್ತದೆ.

30 ಡಿಗ್ರಿ ಸುತ್ತಮುತ್ತ ರಾತ್ರಿಯೊಳಗೆ ಉಬ್ಬುವ ಹಿಟ್ಟು ಡಿಸೆಂಬರಿನ ಬೆಂಗಳೂರಿನಲ್ಲಿ ಮಧ್ಯಾಹ್ನದ ತನಕ ಸತಾಯಿಸುತ್ತದೆ. ಹುಡುಗ ತನ್ನ ಗ್ರಾಫ್ ನೋಡಿ ‘ನಾಳೆ ಎಂಟಕ್ಕೆ ಇಡ್ಲಿ ಬೇಕಾದ್ರೆ ಇವತ್ತು ಇಷ್ಟೊತ್ತಿಗೆ ರುಬ್ಬಬೇಕು’ ಅಂತ ಹೇಳುವ ಹಂತಕ್ಕೆ ಬಂದರೆ, ಅವನು ಲೆಕ್ಕ ಹಾಕಿ ಮುಂದಿನದನ್ನು ಹೇಳುವುದನ್ನು ಕಲಿತ ಹಾಗೆ. ಮರುದಿನ ಬೆಳಿಗ್ಗೆ ಮನೆಯವರೆಲ್ಲ ಅದನ್ನು ತಿಂದೇ ಪರೀಕ್ಷೆ ಮಾಡುತ್ತಾರೆ.

ಜೋಳದ ರೊಟ್ಟಿ ಬಡಿಯುವಾಗ ಒಡೆದುಹೋಗುತ್ತೆ. ಚಪಾತಿ ಯಾಕೆ ಹಾಗಾಗಲ್ಲ?

ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲೂಟೆನ್ ಎಂಬ ಪ್ರೋಟೀನ್ ಇದೆ, ಜೋಳದಲ್ಲಿ ಇಲ್ಲ. ಅದನ್ನು ಕಣ್ಣಿಗೆ ತೋರಿಸಬಹುದು. 100 ಗ್ರಾಂ ಮೈದಾ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆಯಿರಿ. ಬಿಳಿ ಪಿಷ್ಟವೆಲ್ಲ ಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ, ಸುಮಾರು 25ರಿಂದ 30 ಗ್ರಾಂ. ಜೋಳದ ಹಿಟ್ಟನ್ನು ಹೀಗೇ ತೊಳೆದರೆ ಏನೂ ಉಳಿಯುವುದಿಲ್ಲ.

ಹಾಗಾದರೆ ಉತ್ತರ ಕರ್ನಾಟಕದ ಅಮ್ಮಂದಿರು ಅಷ್ಟು ತೆಳ್ಳಗೆ ಬಡಿಯುವುದು ಹೇಗೆ? ಎಸರು ಕುದಿಸಿ ಹಿಟ್ಟು ಕಲಸುತ್ತಾರೆ. ಕುದಿಯುವ ನೀರಿಗೆ ಜೋಳದ ಪಿಷ್ಟ ಊದಿಕೊಂಡು ಅಂಟಾಗುತ್ತದೆ, ಗ್ಲೂಟೆನ್ ಮಾಡುವ ಕೆಲಸವನ್ನು ಸ್ವಲ್ಪ ಮಟ್ಟಿಗೆ ಅದೇ ಮಾಡುತ್ತದೆ. ಒಂದೇ ತೂಕದ ಹಿಟ್ಟಿಗೆ ತಣ್ಣೀರು, 60 ಡಿಗ್ರಿಯ ನೀರು, ಕುದಿಯುವ ನೀರು ಹಾಕಿ ಮೂರು ಉಂಡೆ ಮಾಡಿ, ಒಡೆಯುವ ಮುಂಚೆ ಎಷ್ಟು ಅಗಲಕ್ಕೆ ಹೋಗುತ್ತದೆ ಅಂತ ಸ್ಕೇಲಿನಲ್ಲಿ ಅಳೆಯಲಿ. ರಾಗಿ ಮುದ್ದೆ, ಅಕ್ಕಿ ಕಡುಬಿಗೂ ಇದೇ ಕಾರಣ.

ನೀರು ನೂರು ಡಿಗ್ರಿಗೆ ಕುದಿಯಲ್ಲ ಅಂತ ವಾದ ಮಾಡ್ತಾನೆ. ಅವನು ಹೇಳೋದು ಸರಿನಾ?

ನೀವು ಬೆಂಗಳೂರಿನಲ್ಲಿದ್ದರೆ ಅವನೇ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆ. ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100, ಮಡಿಕೇರಿಯಲ್ಲಿ 96ರ ಹತ್ತಿರ. ನೆಂಟರ ಊರಿಗೆ ಹೋಗುವಾಗಲೆಲ್ಲ ಥರ್ಮಾಮೀಟರ್ ಬ್ಯಾಗಿನಲ್ಲಿರಲಿ. ಕುಕ್ಕರ್ ಇದಕ್ಕೆ ಉಲ್ಟಾ: ಒಳಗೆ ಒತ್ತಡ ಜಾಸ್ತಿ ಮಾಡಿ 120 ಡಿಗ್ರಿ ಹತ್ತಿರ ಒಯ್ಯುತ್ತದೆ. ನೆನೆಸಿದ ಕಡಲೆ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು, ಕುಕ್ಕರಿನಲ್ಲಿ ಎಷ್ಟು ಹೊತ್ತು ಅಂತ ಹೋಲಿಸಿದರೆ ವಾದ ಮುಗಿಯುತ್ತದೆ.

ದೋಸೆ ಕೆಂಪಗಾಗೋದು ಯಾಕೆ? ಇಡ್ಲಿ ಅದೇ ಹಿಟ್ಟು, ಬೆಳ್ಳಗೇ ಇರುತ್ತಲ್ಲ?

ಒಳ್ಳೆಯ ಪ್ರಶ್ನೆ, ಇದನ್ನು ಕೇಳಿದ ಹುಡುಗನಿಗೆ ಶಹಭಾಸ್ ಹೇಳಿ. ಇಡ್ಲಿ ಹಬೆಯಲ್ಲಿ ಬೇಯುತ್ತದೆ, 100 ಡಿಗ್ರಿ ದಾಟುವುದಿಲ್ಲ. ಕಾವಲಿ ಅದಕ್ಕಿಂತ ತುಂಬಾ ಬಿಸಿ. ದೋಸೆಯ ತಳದ ನೀರು ಆರಿ, ಬಿಸಿ 140 ಡಿಗ್ರಿ ಮುಟ್ಟುವ ಹೊತ್ತಿಗೆ ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಜೋರಾಗಿ ಸೇರಿಕೊಂಡು ಬಣ್ಣ, ಪರಿಮಳ ಕೊಡುತ್ತವೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀ ಮೇಯಾರ್. ಒಂದು ಸೌಟು ಹಿಟ್ಟಿಗೆ ಚಿಟಿಕೆ ಸಕ್ಕರೆ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ಒಂದೇ ಹೊತ್ತು ಬೇಯಿಸಿ ಫೋಟೋ ತೆಗೆದು ಹೋಲಿಸಲಿ. ಇದನ್ನು ಕಬ್ಬಿಣದ ಕಾವಲಿಯಲ್ಲೇ ಮಾಡಿ. ನಾನ್‌ಸ್ಟಿಕ್ ತವಾ ಖಾಲಿ ಕಾಯಿಸುವುದು ಬೇಡ.

ಬೇಸಿಗೆಯಲ್ಲಿ ಸಂಡಿಗೆ ಹಾಕ್ತೀವಿ. ಅದ್ರಲ್ಲಿ ಏನಾದ್ರೂ ಮಾಡಬಹುದಾ?

ಗಂಟೆಗೊಮ್ಮೆ ಒಂದೇ ತಟ್ಟೆಯ ಸಂಡಿಗೆ ತೂಗಲಿ. ಮೊದಲು ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಗಾಜು ಮುಚ್ಚಿದ ಕಪ್ಪು ಪೆಟ್ಟಿಗೆಯೊಂದನ್ನು ತಾನೇ ಕಟ್ಟಿ, ಗಾಳಿ ಆಡಲು ತೂತು ಬಿಟ್ಟು ಅದರಲ್ಲಿ ಒಂದು ತಟ್ಟೆ ಇಟ್ಟು ಹೋಲಿಸಲಿ. ಮರಗೆಲಸವೂ ಕಲಿತ ಹಾಗಾಗುತ್ತದೆ.

## ದಿನದಿನದ ತೊಡಕುಗಳು

ಮಾಡೋದು ಇಷ್ಟ, ಬರೆಯೋದು ಅಂದ್ರೆ ಓಡಿಹೋಗ್ತಾನೆ.

ಪ್ರಬಂಧ ಬರೆಸಬೇಡಿ. ನಾಲ್ಕು ಸಾಲು ಸಾಕು: ಏನು ಬದಲಿಸಿದೆ, ಏನಾಗುತ್ತೆ ಅಂದುಕೊಂಡಿದ್ದೆ, ಏನಾಯ್ತು, ಮುಂದಿನ ಸಲ ಏನು. ಎರಡನೇ ಸಾಲನ್ನು ಒಲೆ ಹಚ್ಚುವ ಮುಂಚೆಯೇ ಬರೆಯಬೇಕು. ಅದೊಂದು ವಿಷಯದಲ್ಲಿ ನಾನು ಬಿಡುವುದಿಲ್ಲ. ಆದ ಮೇಲೆ ಬರೆದರೆ ಎಲ್ಲರಿಗೂ ಮೊದಲೇ ಗೊತ್ತಿತ್ತು ಅನಿಸುತ್ತದೆ. ಅಂಕಿಗಳು ತಪ್ಪದೆ ಇರಲಿ, ‘ಸ್ವಲ್ಪ’, ‘ಒಂದು ಹಿಡಿ’ ಬೇಡ.

ಅಡುಗೆ ಕೆಟ್ಟರೆ ಏನು ಮಾಡೋದು? ಅನ್ನ ಬಿಸಾಡೋಕೆ ಮನಸ್ಸು ಬರಲ್ಲ.

ನನಗೂ ಬರುವುದಿಲ್ಲ. ಅದಕ್ಕೇ ಪ್ರಯೋಗ ಚಿಕ್ಕದಿರಲಿ, ಒಂದು ಲೋಟ, ಎರಡು ಇಡ್ಲಿ. ಉಬ್ಬದ ಇಡ್ಲಿ ಹಿಟ್ಟು ದೋಸೆಯಾಗುತ್ತದೆ, ಪಡ್ಡು ಆಗುತ್ತದೆ. ಪಾಕ ತಪ್ಪಿದ ಬರ್ಫಿ ಪಾಯಸಕ್ಕೆ ಹೋಗುತ್ತದೆ. ಆದರೆ ಹಳಸಿದ್ದನ್ನು, ಬೂಸ್ಟು ಬಂದಿದ್ದನ್ನು ಉಳಿಸಲು ಹೋಗಬೇಡಿ. ಹೊರಗೇ ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಪಾತ್ರೆ ಯಾರು ತೊಳೀಬೇಕು?

ಮಾಡಿದವನು. ಅಮ್ಮನೂ ಅಲ್ಲ, ಕೆಲಸಕ್ಕೆ ಬರುವ ಅಕ್ಕನೂ ಅಲ್ಲ.

ಒಬ್ಬನಿಗೆ 12, ಇನ್ನೊಬ್ಬನಿಗೆ 16. ಇಬ್ಬರಿಗೂ ಸೇರಿಸಿ ಹೇಗೆ?

ಅಡುಗೆ ಒಂದೇ, ಕೆಲಸ ಬೇರೆ ಬೇರೆ. ಚಿಕ್ಕವನು ತೂಗಿ, ಅಳೆದು, ಬರೆಯಲಿ. ದೊಡ್ಡವನು ಒಲೆ ನೋಡಿಕೊಂಡು ಲೆಕ್ಕ ಹಾಕಲಿ. ವಾರಕ್ಕೊಂದು ಊಟವನ್ನು ಪೂರ್ತಿ ದೊಡ್ಡವನಿಗೇ ಬಿಡಿ: ಸಾಮಾನಿನ ಪಟ್ಟಿ, ಸಂತೆ, ದುಡ್ಡಿನ ಲೆಕ್ಕ, ಬಡಿಸುವುದು. ಸುಮ್ನೆ ಕುತೂಹಲಕ್ಕೆ ಮಾಡುವುದು ಬೇರೆ, ಒಂದೂವರೆಗೆ ಐದು ಜನಕ್ಕೆ ಊಟ ರೆಡಿ ಇರಬೇಕು ಅನ್ನುವ ಜವಾಬ್ದಾರಿ ಬೇರೆ. ಈ ವಯಸ್ಸಿನ ಹುಡುಗರಿಗೆ ಎರಡನೆಯದೇ ಜಾಸ್ತಿ ಹಿಡಿಸುತ್ತದೆ.

## ಮುಂದಿನ ಹಂತ

ಮೈಸೂರ್ ಪಾಕ್ ಪ್ರಯೋಗ ಮಾಡಬೇಕು ಅಂತಾನೆ. ಗೂಡು ಗೂಡಾಗಿ ಬರೋದು ಹೇಗೆ?

ಮೊದಲು ಪಾಕ ಅರ್ಥವಾಗಬೇಕು. ಸಕ್ಕರೆ ನೀರು ಕುದಿಯುತ್ತಾ ಹೋದಂತೆ ನೀರು ಕಡಿಮೆಯಾಗಿ ಕುದಿಯುವ ಬಿಸಿ ಏರುತ್ತದೆ. ಒಂದೆಳೆ ಪಾಕ ಅಂದರೆ ಸುಮಾರು 105 ಡಿಗ್ರಿ. ನೀರಿಗೆ ಬಿಟ್ಟರೆ ಮೆತ್ತನೆ ಉಂಡೆಯಾಗುವ ಪಾಕ 112ರಿಂದ 116. ಟಣ್ ಅಂತ ಮುರಿಯುವ ಪಾಕ 150ರ ಹತ್ತಿರ. ಅಂದರೆ ಎಳೆ ನೋಡುವುದು ಬಿಸಿ ಅಳೆಯುವ ಒಂದು ವಿಧಾನವೇ. ಇಲ್ಲಿ ಎತ್ತರದ ಲೆಕ್ಕವೂ ಬರುತ್ತದೆ. ನಿಮ್ಮೂರಲ್ಲಿ ನೀರು 97ಕ್ಕೆ ಕುದಿಯುತ್ತಿದ್ದರೆ, ಪುಸ್ತಕದ ಅಂಕಿಯಿಂದ 3 ಕಳೆಯಬೇಕು.

ಗೂಡು ಬರುವುದು ತುಪ್ಪದ ಬಿಸಿಯಿಂದ. ಪಾಕ, ಕಡಲೆಹಿಟ್ಟಿನ ಮಿಶ್ರಣದಲ್ಲಿ ಇನ್ನೂ ನೀರಿದೆ. ಅದಕ್ಕೆ ಚೆನ್ನಾಗಿ ಕಾದ ತುಪ್ಪ ಬಿದ್ದಾಗ ಆ ನೀರು ತಟ್ಟನೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಇರುವಾಗಲೇ ತಟ್ಟೆಗೆ ಸುರಿದರೆ ಹಾಗೇ ಗಟ್ಟಿಯಾಗುತ್ತದೆ. ಅರ್ಧಕ್ಕೆ ಕಾದ ತುಪ್ಪ, ಅರ್ಧಕ್ಕೆ ಬೆಚ್ಚಗಿನ ತುಪ್ಪ ಹಾಕಿ, ಎರಡನ್ನೂ ಕತ್ತರಿಸಿ ಒಳಗೆ ನೋಡಲಿ. ಒಂದೇ ಅಳತೆಯ ತುಂಡುಗಳನ್ನು ತೂಗಿದರೆ ಸಾಂದ್ರತೆಯೂ ಸಿಗುತ್ತದೆ. ತುಪ್ಪ ಸುರಿಯುವಾಗ ನೀವು ಪಕ್ಕದಲ್ಲೇ ಇರಿ. ಉದ್ದ ತೋಳಿನ ಹತ್ತಿ ಬಟ್ಟೆ, ಉದ್ದ ಹಿಡಿಯ ಸೌಟು ಇರಲಿ.

ಎನ್ಜೈಮ್ ಬಗ್ಗೆ ಓದ್ತಿದ್ದಾನೆ. ಮನೆಯಲ್ಲಿ ತೋರಿಸೋಕೆ ಏನಾದ್ರೂ ಇದ್ಯಾ?

ಮೊಳಕೆ ರಾಗಿ. ಎನ್ಜೈಮ್ ಅಂದರೆ ಜೀವಿಗಳಲ್ಲಿ ರಸಾಯನ ಕ್ರಿಯೆಯನ್ನು ಚುರುಕು ಮಾಡುವ ಪ್ರೋಟೀನ್. ರಾಗಿ ಮೊಳೆಯುವಾಗ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಎನ್ಜೈಮ್ ಹುಟ್ಟುತ್ತದೆ. ಮೊಳಕೆ ಬಂದ ರಾಗಿಯನ್ನು ನೆರಳಲ್ಲಿ ಒಣಗಿಸಿ ಹುರಿಯದೆ ಹಿಟ್ಟು ಮಾಡಿ. ಹುರಿದರೆ ಎನ್ಜೈಮ್ ಕೆಟ್ಟುಹೋಗುತ್ತದೆ. ಮಾಮೂಲಿ ರಾಗಿ ಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ 60 ಡಿಗ್ರಿಗೆ ಇಳಿಸಿ ಮೂರು ಲೋಟ ಮಾಡಿ. ಒಂದಕ್ಕೆ ಒಂದು ಚಮಚ ಮೊಳಕೆ ಹಿಟ್ಟು, ಇನ್ನೊಂದಕ್ಕೆ ಮಾಮೂಲಿ ಹಿಟ್ಟು, ಮೂರನೆಯದಕ್ಕೆ ಮೊದಲೇ ನೀರಲ್ಲಿ ಕುದಿಸಿದ ಮೊಳಕೆ ಹಿಟ್ಟು. ಹಾಟ್‌ಬಾಕ್ಸಿನಲ್ಲಿ ಅರ್ಧ ಗಂಟೆ ಇಡಿ. ಮೊದಲನೆಯದು ಮಾತ್ರ ನೀರು ನೀರಾಗುತ್ತದೆ. ಓರೆ ಹಿಡಿದ ತಟ್ಟೆಯ ಮೇಲೆ ಒಂದೊಂದು ಚಮಚ ಬಿಟ್ಟು ಎಷ್ಟು ಸೆಕೆಂಡಿಗೆ ಕೆಳಗೆ ಬಂತು ಅಂತ ಅಳೆಯಲಿ. ಕುಡಿಯುವ ಮುಂಚೆ ಮತ್ತೆ ಕುದಿಸಿ.

ಮಗುವಿಗೆ ಮೊಳಕೆ ರಾಗಿ ಸರಿ ಯಾಕೆ ಕೊಡುತ್ತಾರೆ ಅಂತ ಆಗ ಹೊಳೆಯುತ್ತದೆ. ಗಂಜಿ ತೆಳ್ಳಗಿದ್ದರೂ ಅದರಲ್ಲಿ ಜಾಸ್ತಿ ಹಿಟ್ಟು ಹಿಡಿಯುತ್ತದೆ. ಪುಟ್ಟ ಹೊಟ್ಟೆಗೆ ಜಾಸ್ತಿ ಆಹಾರ ಹೋಗುತ್ತದೆ.

ಹಾಲು, ಟೀ ಪುಡಿ ಕಲಬೆರಕೆ ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಕೆಲವನ್ನು ಮಾಡಬಹುದು. ಇಂಥ ಸರಳ ಪರೀಕ್ಷೆಗಳನ್ನು ಆಹಾರ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಒಂದು ಕೈಪಿಡಿಯಲ್ಲಿ ಕೊಟ್ಟಿದೆ. ಸ್ವಲ್ಪ ಹಾಲಿಗೆ ನೀರು ಸೇರಿಸಿ ಕುದಿಸಿ ಆರಿಸಿ, ಎರಡು ಹನಿ ಅಯೋಡಿನ್ ಬಿಟ್ಟಾಗ ನೀಲಿಯಾದರೆ ಪಿಷ್ಟ ಇದೆ. ಟೀ ಪುಡಿಯನ್ನು ಫಿಲ್ಟರ್ ಕಾಗದದ ಮೇಲೆ ಹರಡಿ ನೀರು ಚಿಮುಕಿಸಿದಾಗ ಕಾಗದಕ್ಕೆ ಬಣ್ಣದ ಕಲೆ ಹತ್ತಿದರೆ ಅನುಮಾನ ಪಡಬೇಕು. ಪ್ರತಿ ಸಲ ಎರಡು ಹೋಲಿಕೆ ಇಡಲಿ: ಖಂಡಿತ ಶುದ್ಧವಾದ್ದು ಒಂದು, ತಾನೇ ಬೇಕಂತ ಬೆರೆಸಿದ್ದು ಇನ್ನೊಂದು. ಮನೆಯ ಪರೀಕ್ಷೆ ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವ ಮುಂಚೆ ಲ್ಯಾಬಿನಲ್ಲಿ ನೋಡಿಸಬೇಕು ಅಂತ ಅವನಿಗೆ ತಿಳಿಸಿ.

ವೈನ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಏನು ಮಾಡ್ಲಿ?

ಬೇಡ ಅನ್ನಿ, ಆದರೆ ಹುದುಗುವಿಕೆಯ ಕುತೂಹಲವನ್ನು ಬೇರೆ ಕಡೆ ತಿರುಗಿಸಿ. ಈಸ್ಟ್ ಹಾಕಿದ ಬ್ರೆಡ್ಡಿನಲ್ಲಿ ಅದೇ ಜೀವಿ, ಅದೇ ಅನಿಲ. ಬಟ್ಟಿ ಇಳಿಸುವ ಮಾತಂತೂ ಬರಬಾರದು. ಲೈಸೆನ್ಸ್ ಇಲ್ಲದೆ ಅದು ಅಪರಾಧ. ಶುಂಠಿ ಸೋಡಾ ಮಾಡುವುದಾದರೆ ಗಾಜಿನ ಬಾಟಲಿ ಬೇಡ. ಒಳಗಿನ ಒತ್ತಡಕ್ಕೆ ಅದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಾಟಲಿ ಒತ್ತಿ ನೋಡಿ, ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಇಡಿ.

ಇದೆಲ್ಲಾ ಪರೀಕ್ಷೆಗೆ ಉಪಯೋಗಕ್ಕೆ ಬರುತ್ತಾ?

ಮನೆಯಲ್ಲಿ ಓದುವವರು ಹತ್ತನೇ ಕ್ಲಾಸನ್ನು ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಕಟ್ಟಬಹುದು. ಅದಕ್ಕೆ 14 ತುಂಬಿರಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ ಇದೆ. ಅಲ್ಲಿ ವಿಜ್ಞಾನದ ಜೊತೆ ಗೃಹವಿಜ್ಞಾನವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು, ಎರಡರಲ್ಲೂ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಗೃಹವಿಜ್ಞಾನ ಹುಡುಗಿಯರಿಗೆ ಅಂತ ದೂರ ಇಡಬೇಡಿ. ಆದರೆ ಒಲೆ ಮುಂದೆ ಕಲಿತದ್ದು ಪಠ್ಯದ ಓದಿಗೆ ಬದಲಿ ಅಲ್ಲ. ಆಮ್ಲ, ಕ್ಷಾರ, ಬಿಸಿ, ಒತ್ತಡ, ಸೂಕ್ಷ್ಮಜೀವಿ ಅವನಿಗೆ ಪರಿಚಯ ಇರುತ್ತದೆ. ಬೆಳಕು, ವಿದ್ಯುತ್ತಿಗೆ ಬೇರೆ ದಾರಿ ಹುಡುಕಬೇಕು.

ಇದರಲ್ಲೇ ಮುಂದೆ ಓದ್ತೀನಿ ಅಂತಾನೆ. ದಾರಿ ಇದ್ಯಾ?

ಇದೆ, ಅದೂ ನಮ್ಮ ರಾಜ್ಯದಲ್ಲೇ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾಯಿತು. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ಕಂಡುಹಿಡಿದದ್ದು ಅಲ್ಲಿಯೇ. ಅಲ್ಲಿ ಫುಡ್ ಟೆಕ್ನಾಲಜಿಯಲ್ಲಿ ಎಂಎಸ್ಸಿ ಇದೆ. ಸೈನಿಕರ ಊಟದ ಸಂಶೋಧನೆಗೆ ಹೆಸರಾದ ರಕ್ಷಣಾ ಇಲಾಖೆಯ ಪ್ರಯೋಗಾಲಯ ಡಿಎಫ್‌ಆರ್‌ಎಲ್ (ಈಗಿನ ಹೆಸರು ಡಿಐಬಿಟಿ) ಕೂಡ ಇದೇ ಊರಿನಲ್ಲಿದೆ. ಪದವಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಫುಡ್ ಟೆಕ್ನಾಲಜಿ, ಹೆಬ್ಬಾಳದ ಡೈರಿ ಸೈನ್ಸ್ ಕಾಲೇಜು ಇವೆ. ಹನ್ನೆರಡನೇ ತರಗತಿಗೆ ವಿಷಯ ಆರಿಸುವ ಮುಂಚೆಯೇ ಆಯಾ ಕೋರ್ಸಿನ ಆ ವರ್ಷದ ನಿಯಮ ಓದಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಇಟ್ಟುಕೊಂಡರೆ ಹೆಚ್ಚಿನ ಬಾಗಿಲು ತೆರೆದಿರುತ್ತವೆ. ಅರ್ಜಿ ಹಾಕುವಾಗ ಅವನ ಇಡ್ಲಿ ಹಿಟ್ಟಿನ ನೋಟ್‌ಬುಕ್ ಯಾರೂ ಕೇಳಲಿಕ್ಕಿಲ್ಲ. ಸಂದರ್ಶನ ಇದ್ದರೆ ಮಾತ್ರ ತಪ್ಪದೆ ಜೊತೆಗೆ ಒಯ್ಯಲಿ.